ಆರ್‌ಸಿ ಡ್ರ್ಯಾಗ್ ಟ್ರೀ ಕಿಟ್‌ಗೆ 2 ಸ್ಟಾರ್, ಅದನ್ನ ಸುಧಾರಿಸಿಕೊಟ್ಟ ಕಲಬುರಗಿ ರಿಪೇರಿ ಅಂಗಡಿಗೆ 4

ಇದು ಎರಡರ ರಿವ್ಯೂ ಅದ ನೋಡ್ರಿ, ಒಂದು ಆನ್‌ಲೈನ್‌ದಾಗ ತರಿಸಿದ ಆರ್‌ಸಿ ಡ್ರ್ಯಾಗ್ ರೇಸ್ ಟ್ರೀ ಕಿಟ್, ಅಂದ್ರ ರಿಮೋಟ್ ಕಾರಿನ ರೇಸ್ ಶುರು ಮಾಡಿಸಿ ಟೈಮ್ ಅಳಿಯೋ ಲೈಟಿನ ಕಂಬ, ಇನ್ನೊಂದು ಆ ಕಿಟ್‌ನ ಬಿಚ್ಚಿ ಅರ್ಧ ಸಾಮಾನು ಕಿತ್ತಿ ಒಗ್ದು ಮತ್ತ ಕಟ್ಟಿಕೊಟ್ಟ ನಮ್ಮ ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಗಲ್ಲಿ ಒಳಗಿನ ರಿಪೇರಿ ಅಂಗಡಿ. ಕಿಟ್ ಕಂಪನಿ ಹೆಸರು ಬರಿಯಂಗಿಲ್ಲ, ಅದೇ ಬೋರ್ಡು ಅದೇ ಡಬ್ಬಿ ಬ್ಯಾರೆ ಬ್ಯಾರೆ ಸ್ಟಿಕರ್ ಹಚ್ಚಿ ಎಷ್ಟೋ ಮಂದಿ ಮಾರ್ತಾರ, ಫೋಟೋ ನೋಡಿದ್ರ ನಿಮ್ಗೇ ಗುರ್ತು ಸಿಗ್ತದ: ಎರಡು ಸಾಲು ಲೈಟು, ನೀಲಿ ಬಣ್ಣದ ರಿಲೇ, ಕೆಂಪು ಲೇಸರ್, ನಾಲ್ಕಂಕಿ ಸಣ್ಣ ಡಿಸ್‌ಪ್ಲೇ. ಅಂಗಡಿ ಹೆಸರೂ ಬ್ಯಾಡ ಅಂದಾನ ಅಣ್ಣ, ಮಿಕ್ಸರ್ ಇನ್ವರ್ಟರ್ ಟಿವಿ ರಿಪೇರಿಗೇ ಪುರಸತ್ ಇಲ್ಲ, ಆಟದ ಸಾಮಾನು ಹಿಡ್ಕೊಂಡು ಊರ್ ಮಂದಿ ಬಂದ್ರ ನಾ ಏನ್ ಮಾಡ್ಲಿ ಅಂತ. ಇರ್ಲಿ, ಬೇಕಾದವ್ರು ಹುಡುಕ್ತಾರ.

ಈ ಆಟ ಗೊತ್ತಿಲ್ದವ್ರಿಗೆ ಜರಾ ಹೇಳಿಬಿಡ್ತೀನಿ. ದೊಡ್ಡ ಡ್ರ್ಯಾಗ್ ರೇಸ್ ಅಂದ್ರ ಕಾಲು ಮೈಲು, 1320 ಫೂಟ್ ಸೀದಾ ರೋಡು, ಎರಡು ಗಾಡಿ, ಮೊದ್ಲು ಮುಟ್ಟಿದವ ಗೆದ್ದ. ನಮ್ಮವು ಹತ್ತನೇ ಒಂದು ಅಳತಿ ರಿಮೋಟ್ ಕಾರು, ಹಂಗಾಗಿ ಟ್ರ್ಯಾಕೂ ಹತ್ತನೇ ಒಂದು, 132 ಫೂಟ್, ಮೀಟರ್ ಲೆಕ್ಕದಾಗ 40ಕ್ಕಿಂತ ತುಸು ಮ್ಯಾಲ. ಟ್ರಾಕ್ಸಸ್ ಡ್ರ್ಯಾಗ್ ಸ್ಲ್ಯಾಷ್, ಲೋಸಿ 22ಎಸ್, ಅಸೋಸಿಯೇಟೆಡ್ ಡಿಆರ್10 ಅಂತ ಇದಕ್ಕಂತಲೇ ಗಾಡಿ ಬರ್ತಾವ, ನಮ್ಮ ಗ್ಯಾಂಗಿನ್ಯಾಗ ಅಂಥದ್ದು ಒಬ್ಬನ ಬಲ್ಲಿ ಮಾತ್ರ ಅದ, ಉಳದವ್ರು ಹಳೇ ಬಗ್ಗಿಗೆ ಹಿಂದ ದಪ್ಪ ಟಯರು ಮೂತಿ ಮ್ಯಾಲೇಳದಂಗ ತಡಿಯೋ ವೀಲಿ ಬಾರ್ ಹಚ್ಚಿ ಓಡಿಸ್ತಾರ. ಸೇಡಂ ರೋಡ್ ಕಡೆ ಇನ್ನೂ ಮನಿ ಏಳದ ಒಂದು ಲೇಔಟ್ ಅದ, ಮಾಲಕರಿಗೆ ಕೇಳಿ ಮುಂಜಾನೆ ಅಲ್ಲೇ ಓಡಿಸ್ತೀವಿ. ಮುಂಜಾನೆ ಯಾಕಂತ ನಮ್ಮ ಕಡಿಯವ್ರಿಗೆ ಹೇಳೋದೇ ಬ್ಯಾಡ, ಏಪ್ರಿಲ್ ಮೇ ಬಂದ್ರ ಸರ್ಕಾರಿ ಆಫೀಸೇ 8ಕ್ಕ ಶುರು ಆಗಿ ಮಧ್ಯಾಹ್ನ ಬಂದ್ ಆಗ್ತಾವ ಇಲ್ಲಿ.

ಅಮೆರಿಕಾದಾಗ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎದವ್ರು 1963ದಾಗ ಕ್ರಿಸ್ಮಸ್ ಟ್ರೀ ಅನ್ನೋ ಈ ಲೈಟಿನ ಕಂಬ ತಂದ್ರು, ಅದಕ್ಕ ಮುಂಚೆ ಅಲ್ಲೂ ಒಬ್ಬ ಮನಷ್ಯಾ ಝಂಡಾ ಬೀಸ್ತಿದ್ದ. ನಾವು ದಸ್ತಿ ಬೀಸ್ತಿದ್ವಿ. ಕೊನಿಗೆ ಯಾರ್ ಮೊದ್ಲು ಅಂತ ಮೊಬೈಲ್ ಸ್ಲೋ ಮೋಷನ್ ನೋಡಿ ಜಗಳ ಮುಗಿಸೋದು, ಈ ಲಫಡಾನೇ ಬ್ಯಾಡ ಅಂತ ಎಲ್ಲಾರೂ ರೊಕ್ಕ ಕೂಡಿಸಿ ಕಿಟ್ ತರಿಸಿದ್ದು. ಬಂತು, ಹಚ್ಚಿದ್ವಿ, ಲೈಟ್ ಟಕ್ ಟಕ್ ಅಂತ ಇಳೀತಾ ಹಸಿರು ಬಿತ್ತು, ಎಲ್ಲಾರೂ ಖುಷ್. ಒಬ್ಬ ಹುಡುಗ ಮಾತ್ರ ಹಳೇ ಚಟಕ್ಕ ಮೊಬೈಲ್ ಹಿಡ್ಕೊಂಡೇ ನಿಂತಿದ್ದ, ಅವನ ವಿಡಿಯೋದಾಗ ಬಲಗಡಿ ಗಾಡಿ ಮುಂದ, ಡಿಸ್‌ಪ್ಲೇ ಎಡಗಡಿ ಗೆದ್ದದ ಅಂತ ತೋರಿಸ್ಯದ, ಅದೂ 0.018 ಫರಕ್ ಅಂತ ಮೂರು ಅಂಕಿ ಸಮೇತ! ಮೊಬೈಲ್ 240 ಫ್ರೇಮ್‌ದಾಗ ಶೂಟ್ ಮಾಡಿದ್ರ ಒಂದು ಫ್ರೇಮಿಗೆ 4 ಮಿಲಿಸೆಕೆಂಡ್ ಚಿಲ್ಲರೆ, ಅಂದ್ರ ರೊಕ್ಕ ಕೊಟ್ಟು ತಂದ ಕಿಟ್‌ಗಿಂತ ಕಿಸೇದಾಗಿನ ಫೋನೇ ನೆಟ್ಟಗ ಹೇಳ್ತಿತ್ತು.

ಕಿಟ್‌ದಾಗ ಏನ್ ತಪ್ಪು ಅಂತ ಕೇಳಿದ್ರ ಮೊದಲನೇದು ಸೆನ್ಸರು. ಟ್ರ್ಯಾಕಿಗೆ ಅಡ್ಡ ಹಾಯೋ ಲೇಸರ್ ಬೆಳಕು, ಅಂದ್ರ ಬೀಮ್, ಬೀಳೋ ಕಡೆ ಎಲ್‌ಡಿಆರ್ ಹಾಕ್ಯಾರ, ಬೆಳಕಿಗೆ ರೆಸಿಸ್ಟೆನ್ಸ್ ಬದಲಾಗೋ ಆ ಹತ್ತು ರೂಪಾಯಿ ಬಿಲ್ಲೆ. ಅದು ಸಂಜಿಗೆ ಬೀದಿ ದೀಪ ಹಚ್ಚಲಾಕ ಛಲೋ, ರೇಸಿಗೆ ಅಲ್ಲ, ಯಾಕಂದ್ರ ಕತ್ತಲಿಂದ ಬೆಳಕಿಗೆ ಬಂದಾಗ ಸುಮಾರು 20 ಮಿಲಿಸೆಕೆಂಡ್, ಬೆಳಕಿಂದ ಕತ್ತಲಿಗೆ ಹೋದಾಗ ಸುಮಾರು 30 ತೊಗೊಂತದ. ಈಗ ಲೆಕ್ಕ ಹಾಕ್ರಿ, ಸ್ಟಾರ್ಟ್‌ದಾಗ ಟಯರು ಬೀಮ್ ಬಿಟ್ಟು ಮುಂದ ಹೋಗ್ತದ ಅಂದ್ರ ಕತ್ತಲಿಂದ ಬೆಳಕು, ಫಿನಿಶ್‌ದಾಗ ಗಾಡಿ ಬಂದು ಬೀಮ್ ಕಡೀತದ ಅಂದ್ರ ಬೆಳಕಿಂದ ಕತ್ತಲು. ಎರಡೂ ಕಡೆ ಒಂದೇ ತಡ ಇದ್ದಿದ್ರ ಒಂದಕ್ಕೊಂದು ವಜಾ ಆಗ್ತಿತ್ತು, ಆಗಲ್ಲ. ಮ್ಯಾಲ ಬಿಸಿಲು ಬಿದ್ರ ಆ ಎಲ್‌ಡಿಆರ್‌ಗೆ ಲೇಸರ್ ಅದನೋ ಇಲ್ಲೋ ಅಂತಲೇ ತಿಳಿಯಲ್ಲ. 80 ಕಿಲೋಮೀಟರ್ ಸ್ಪೀಡಿನ್ಯಾಗ ಬರೋ ಗಾಡಿ 30 ಮಿಲಿಸೆಕೆಂಡ್‌ದಾಗ ಎರಡು ಫೂಟಿಗಿಂತ ಜಾಸ್ತಿ ಓಡ್ತದ, ನಮ್ಮ ರೇಸ್ ಗೆಲ್ಲೋದು ಸೋಲೋದು ಒಂದು ಗೇಣಿನ್ಯಾಗ!

ಎರಡನೇದು ಪ್ರೋಗ್ರಾಮು. ಕಿಟ್‌ದಾಗಿದ್ದದ್ದು ಆರ್ಡುಯಿನೋ ಉನೋ ಅನ್ನೋ ಪ್ರೋಗ್ರಾಮ್ ಹಾಕೋ ಸಣ್ಣ ಬೋರ್ಡು, ಅದರಾಗ ಒಂದು ಹಳದಿ ಹಚ್ಚು, ಅರ್ಧ ಸೆಕೆಂಡ್ ಸುಮ್ನ ನಿಲ್ಲು, ಇನ್ನೊಂದು ಹಚ್ಚು, ಮತ್ತ ಅರ್ಧ ಸೆಕೆಂಡ್ ನಿಲ್ಲು ಅಂತ ಡಿಲೇ ಹಾಕಿ ಬರ್ದಾರ. ಡಿಲೇ ನಡಿಯೋವಾಗ ಆ ಚಿಪ್ಪು ಸೆನ್ಸರ್ ಕಡೆ ಕಣ್ಣೇ ಹಾಯ್ಸಲ್ಲ. ಹಿಂಗಾಗಿ ಎರಡನೇ ಹಳದಿಗೇ ಜಿಗಿದ ಕಳ್ಳನಿಗೂ, ಹಸಿರಿಗಿಂತ ಒಂದು ಕೂದಲು ಮುಂಚೆ ಬಿಟ್ಟವನಿಗೂ ಒಂದೇ ಹೊತ್ತಿಗೆ ಕೆಂಪು, ಅಂದ್ರ ಮುಂಚೆ ಬಿಟ್ಟ ತಪ್ಪಿನ ಲೈಟು, ಬೀಳ್ತದ, ಎಷ್ಟು ಮುಂಚೆ ಬಿಟ್ಟಾನ ಅಂತ ಲೆಕ್ಕಕ್ಕೇ ಇಲ್ಲ. ಇಬ್ರೂ ಕೆಂಪು ಮಾಡಿದ್ರ ಮೊದ್ಲು ಮಾಡಿದವ ಸೋತಂಗ, ಅದನ್ನ ಹೇಳೋ ತಾಕತ್ತು ಕಿಟ್‌ಗೆ ಇಲ್ಲ. ಮೂರನೇದು ರಿಲೇ, ಅಂದ್ರ ಲೈಟ್ ಹಚ್ಚಿ ಆರಿಸೋ ಕರೆಂಟಿನ ಸ್ವಿಚ್ಚು, ಅಂಥ ಸಣ್ಣ ರಿಲೇ ಕಾಂಟ್ಯಾಕ್ಟ್ ಕೂಡಲಾಕ 10 ಮಿಲಿಸೆಕೆಂಡ್ ತನಕ ತೊಗೊಂತದ, ಒಂದೊಂದೂ ಒಂದೊಂದು ನಮೂನಿ, ಎಡಗಡಿ ಹಸಿರು ಬಲಗಡಿ ಹಸಿರು ಒಂದೇ ಸಲ ಬಿದ್ದಂಗ ಕಣ್ಣಿಗೆ ಕಾಣಸ್ತದ ಅಷ್ಟೇ.

ಇಷ್ಟಾಗಿ ಕಿಟ್‌ಗೆ ಎರಡು ಸ್ಟಾರ್ ಯಾಕ್ ಕೊಟ್ಟೆ ಅಂದ್ರ ಕಂಬ ಗಟ್ಟಿ ಅದ, ಡಬ್ಬಿ ಛಲೋ ಅದ, ಮತ್ತ ಬಿಚ್ಚಲಾಕ ಸುಲಭ ಅದ.

ಈಗ ಅಂಗಡಿ. ಹೊರಗಿಂದ ನೋಡಿದ್ರ ಒಳಗ ಹೋಗಬೇಕಂತ ಅನಸಲ್ಲ, ಮಿಕ್ಸರ್ ಜಾರಿನ ರಾಶಿ, ಹಳೇ ಪಿಕ್ಚರ್ ಟ್ಯೂಬ್ ಟಿವಿ, ಮ್ಯಾಲ ಒಂದು ಟೇಬಲ್ ಫ್ಯಾನ್ ತಿರಗಲಾಕತ್ತಿರ್ತದ. ಆದ್ರ ಮೂಲ್ಯಾಗ ಕರೆಂಟಿನ ಏರಿಳಿತ ಗೆರಿ ಮಾಡಿ ತೋರಿಸೋ ಒಂದು ಆಸಿಲೋಸ್ಕೋಪ್ ಇಟ್ಟಾನ ಅಣ್ಣ, ಹಳೇದು, ಹಸಿರು ಗೆರಿ ಬರೋದು. ಬ್ಯಾರೆ ಅಂಗಡಿಯವ್ರು ಕಿಟ್ ನೋಡಿ ಇದು ಆಗಲ್ಲ ಹೊಸಾದು ತೊಗೋರಿ ಅಂದಿದ್ರು, ಒಬ್ಬ ಅಂತೂ ಲೈಟ್ ಹತ್ತಲಾಕತ್ತಾವಲ್ಲ ಮತ್ತೇನ್ ಬೇಕು ಅಂದ. ಈ ಅಣ್ಣ ಹಂಗ ಮಾಡ್ಲಿಲ್ಲ, ಚಾ ತರಿಸಿ, ಸ್ಕೋಪ್ ಹಚ್ಚಿ, ಎಲ್‌ಡಿಆರ್ ಮುಂದ ಕೈ ಅಡ್ಡ ತಂದು ಆ ಗೆರಿ ಹೆಂಗ ಸೋಂಬೇರಿ ಹಂಗ ಏರ್ತದ ಅಂತ ನಮ್ಗೇ ತೋರಿಸಿದ. ಅಳದು ನೋಡಿ ಆಮ್ಯಾಲ ಕೈ ಹಾಕೋ ಮನಷ್ಯಾ. ನಾಲ್ಕರಾಗ ಎರಡು ಸ್ಟಾರ್ ಇದಕ್ಕೇ.

ಸೆನ್ಸರಿಗೆ ಅವನ ಮೊದಲ ಮಾತು ಲೇಸರ್ ಬ್ಯಾಡ, ಇನ್‌ಫ್ರಾರೆಡ್ ಹಾಕೋಣು, 38 ಕಿಲೋಹರ್ಟ್ಝ್‌ದಾಗ ಮಿಣಕ್ ಮಿಣಕ್ ಮಾಡಿಸೋಣು ಅಂತ. ಟಿವಿ ರಿಮೋಟ್ ಇದೇ ಲೆಕ್ಕದಾಗ ನಡೀತದ, ಬಿಸಿಲಿನ್ಯಾಗ ಇನ್‌ಫ್ರಾರೆಡ್ ಎಷ್ಟೇ ಇರ್ಲಿ ಅದು ಮಿಣಕಲ್ಲ, ರಿಸೀವರು ಮಿಣಕೋದನ್ನಷ್ಟೇ ಕೇಳ್ತದ. ಇಲ್ಲೇ ಒಂದು ಗಮ್ಮತ್ತದ, ಇದನ್ನ ಮಾಡಲಾಕ ಹೋಗೋ ಹುಡುಗರು ಓದ್ಕೋರಿ. ಅಂಗಡಿಗಳಾಗ ಸಿಗೋ ಟಿಎಸ್‌ಒಪಿ1738 ರಿಮೋಟಿಗಂತ ಮಾಡಿದ್ದು, ಅದಕ್ಕ ಬಿಡದೇ 38 ಕಿಲೋಹರ್ಟ್ಝ್ ಹೊಡದ್ರ ಇದು ಗದ್ದಲ ಅಂತ ತಿಳ್ಕೊಂಡು ತಾನೇ ಗೇನ್ ಇಳಿಸಿ ಕಿವಿ ಮುಚ್ಕೊಂಡು ಬಿಡ್ತದ, ಅಂದ್ರ ಬೀಮ್ ಇದ್ರೂ ಇಲ್ಲಂತ ಹೇಳ್ತದ. ನಡು ನಡುವ ಗ್ಯಾಪ್ ಕೊಟ್ಟು ಹೊಡಿಬೇಕು, ಗ್ಯಾಪ್ ಕೊಟ್ರ ಆ ಗ್ಯಾಪಿನಷ್ಟು ಟೈಮ್ ತಪ್ಪು ಬರ್ತದ. ಅದಕ್ಕ ವಿಶಯ್ ಕಂಪನಿದು ಟಿಎಸ್‌ಎಸ್‌ಪಿ4038 ಅಂತ ಬ್ಯಾರೇನೇ ಬರ್ತದ, ಗೇನ್ ಫಿಕ್ಸ್ ಇರ್ತದ, ಹಿಂಗ ಬೆಳಕಿನ ಅಡ್ಡಗಟ್ಟಿ ಮಾಡಲಾಕಂತಲೇ ಇರೋದು. ಕಲಬುರಗ್ಯಾಗ ಸಿಗ್ಲಿಲ್ಲ, ಅಣ್ಣ ಹೈದರಾಬಾದಿಗೆ ಬ್ಯಾರೆ ಕೆಲಸಕ್ಕ ಹೋದಾಗ ಕೋಠಿ ಗುಜರಾತಿ ಗಲ್ಲಿಯಿಂದ ತಂದ. ಮಿಣಕಿಸಲಾಕ ಒಂದು 555 ಐಸಿ, ಅದು ಎಲ್ಲಾರಿಗೂ ಗೊತ್ತಿದ್ದದ್ದೇ.

ಬಿಸಿಲಿಗೆ ಅಷ್ಟಕ್ಕೇ ಬಿಡ್ಲಿಲ್ಲ. ಕರೆಂಟ್ ಫಿಟ್ಟಿಂಗಿನ ಪಿವಿಸಿ ಪೈಪ್ ತುಂಡಿಗೆ ಒಳಗ ಕರಿ ಬಣ್ಣ ಹೊಡದು ರಿಸೀವರಿಗೆ ಮುಖವಾಡ ಮಾಡ್ಯಾನ, ಮುಂದಿನ ಬಾಯಿಗೆ ಎರಡು ಮಿಲಿಮೀಟರ್ ಸೀಳು ಬಿಟ್ಟು ತಗಡು ಮುಚ್ಯಾನ. ಆಮ್ಯಾಲ ನಮ್ಮ ಟ್ರ್ಯಾಕ್ ಯಾವ ದಿಕ್ಕಿಗದ ಅಂತ ಕೇಳ್ದ. ಉತ್ತರ ದಕ್ಷಿಣ, ಅಂದ್ರ ಬೀಮು ಪೂರ್ವ ಪಶ್ಚಿಮ. ಕಿಟ್‌ದವ್ರು ನಡುವ ಒಂದು ಕಟ್ಟಿ ಮ್ಯಾಲ ಎರಡೂ ಲೇಸರ್ ಇಟ್ಟು, ರಿಸೀವರ್ ಎರಡೂ ಹೊರಗಡೆ ಇಟ್ಟಿದ್ರು, ಹಂಗಂದ್ರ ಒಂದು ರಿಸೀವರ್ ಮುಂಜಾನೆ ಸೂರ್ಯನ ಮುಖಕ್ಕೇ ನೋಡ್ತದ, ಇನ್ನೊಂದು ಬೆನ್ನ ಕೊಟ್ಟು ಕುಂತಿರ್ತದ. ಎಡಗಡಿ ಲೇನ್ ಯಾವಾಗ್ಲೂ ಕಿರಿಕಿರಿ ಮಾಡೋದು ಯಾಕಂತ ಆಗ ಗೊತ್ತಾಯ್ತು. ಅಣ್ಣ ಎರಡೂ ರಿಸೀವರ್ ಪಶ್ಚಿಮಕ್ಕ ಮುಖ ಮಾಡಿ ಇಟ್ಟ, ಎಡ ಲೇನಿಂದು ನಡುಕಟ್ಟಿ ಮ್ಯಾಲ, ಬಲ ಲೇನಿಂದು ಹೊರಗ. ಸಂಜಿಗೆ ಓಡಿಸೋದಿದ್ರ ಎರಡೂ ಉಲ್ಟಾ ಮಾಡ್ರಿ, ಸ್ಟ್ಯಾಂಡ್ ಒಂದೇ ನಮೂನಿ ಅವ, ಅದಲು ಬದಲು ಆಗ್ತಾವ ಅಂದ. ಇಂಥದ್ದು ಯಾವ ಕಿಟ್ಟಿನ ಪುಸ್ತಕದಾಗೂ ಬರಲ್ಲ.

ಅವನ ಪೂರಾ ಕೆಲಸದ ಹಿಂದ ಇದೇ ಒಂದು ವಿಚಾರ ಅದ, ಎರಡು ಲೇನಿಗೆ ಏನೇ ತಪ್ಪಿರ್ಲಿ ಸಮ ಇರ್ಬೇಕು. ನಾವು ಆಕುರೇಟ್ ಬೇಕು ಆಕುರೇಟ್ ಬೇಕು ಅಂತ ಹಾಡ್ತಿದ್ದಾಗ ಅವ ಹೇಳಿದ್ದು, ತೊಗರಿ ತೂಗೋ ಕಾಟಾ ನೂರು ಗ್ರಾಂ ತಪ್ಪಿರ್ಲಿ, ಇಬ್ರ ಚೀಲನೂ ಅದೇ ಕಾಟಾದ ಮ್ಯಾಲ ಇಟ್ರ ಯಾರ್ದು ಜಾಸ್ತಿ ಅಂತ ಗೊತ್ತಾಗ್ತದಲ್ಲೋ ಅಂತ. ಹಂಗಾಗಿ ಎಡ ಲೇನಿಗೆ ಬಲ ಲೇನಿಗೆ ಒಂದೇ ಪ್ಯಾಕೆಟಿನ ಸೆನ್ಸರು, ಒಂದೇ ಉದ್ದದ ವೈರು, ಒಂದೇ ಎತ್ತರ. ಎಡ ಲೇನಿಗೆ ಬರೇ ಎರಡು ಮೀಟರ್ ವೈರ್ ಸಾಕಿದ್ರೂ ಬಲ ಲೇನಿನಷ್ಟೇ ಹಾಕಿ ಉಳದದ್ದು ಸುತ್ತಿ ಇಟ್ಟಾನ. ಖರೇ ಹೇಳ್ಬೇಕಂದ್ರ ವೈರಿನ ಉದ್ದದಿಂದ ಬರೋ ಫರಕ್ ಇಷ್ಟೂ ಇಲ್ಲ, ಕರೆಂಟು ಅಷ್ಟು ಜೋರು ಹೋಗ್ತದ, ಅದು ಅವನ ಹಟ ಅಷ್ಟೇ. ಇರ್ಲಿ, ನೋಡಲಾಕಾದ್ರೂ ಛಲೋ ಕಾಣಸ್ತದ.

ಬೋರ್ಡು ಬದಲು ಮಾಡಿದ್ದಕ್ಕ ಎರಡು ಕಾರಣ. ಉನೋಕ್ಕ ಹೊರಗಿನ ಇಂಟರಪ್ಟ್ ಪಿನ್ ಎರಡೇ, ನಮ್ಗ ಲೇನಿಗೆ ಮೂರು ಬೀಮ್, ಗಾಡಿ ಗೆರಿ ಹತ್ರ ಬಂತಂತ ಹೇಳೋ ಪ್ರೀಸ್ಟೇಜ್, ಗೆರಿ ಮ್ಯಾಲ ನಿಂತದಂತ ಹೇಳೋ ಸ್ಟೇಜ್, ಕೊನಿಗೆ ಫಿನಿಶ್, ಎರಡು ಲೇನಿಗೆ ಆರು. ಮೆಗಾ 2560 ಬೋರ್ಡಿನ್ಯಾಗ ಬರೋಬ್ಬರಿ ಆರು ಅವ. ಇಂಟರಪ್ಟ್ ಇದ್ರ ಚಿಪ್ಪು ಏನೇ ಮಾಡ್ತಿರ್ಲಿ, ಬೀಮ್ ಕಡದ ತಕ್ಷಣ ಕೈಗಿನ ಕೆಲಸ ಬಿಟ್ಟು ಟೈಮ್ ಬರ್ಕೊಂತದ, ಅದೂ 4 ಮೈಕ್ರೋಸೆಕೆಂಡ್ ಮೆಟ್ಟಿಲಿನ್ಯಾಗ. ಡಿಲೇ ಎಲ್ಲಾ ತೆಗ್ದು ಹಾಕ್ಯಾನ. ಎರಡನೇ ಕಾರಣ ಗಡಿಯಾರ. ಉನೋದ ಚಿಪ್ಪಿಗೆ ಸೆರಾಮಿಕ್ ರೆಸೊನೇಟರ್ ಇರ್ತದ, ಅದು ಅರ್ಧ ಪರ್ಸೆಂಟ್ ತನಕ ತಪ್ಪಬಹುದು, ಎರಡು ಸೆಕೆಂಡಿನ ಓಟದಾಗ ಅರ್ಧ ಪರ್ಸೆಂಟ್ ಅಂದ್ರ 10 ಮಿಲಿಸೆಕೆಂಡ್ ಆಯ್ತು. ಕ್ವಾರ್ಟ್ಝ್ ಕ್ರಿಸ್ಟಲ್ ಇದ್ದ ಬೋರ್ಡೇ ಹುಡುಕಿ ತಂದಾನ. ಗೆದ್ದವ ಯಾರಂತ ಹೇಳಲಾಕ ಇದು ಬೇಕಿಲ್ಲ, ಎರಡೂ ಲೇನಿಗೆ ಗಡಿಯಾರ ಒಂದೇ ಇರ್ತದಲ್ಲ, ಆದ್ರ ಹೋದ ವರ್ಷ ನನ್ನ ಗಾಡಿ ಇಷ್ಟ್ ಸೆಕೆಂಡ್ ಓಡಿತ್ತು ಅಂತ ಹೊಡ್ಕೊಳ್ಳೋರು ಇರ್ತಾರಲ್ಲ, ಅವ್ರಿಗೆ ಬೇಕು.

40 ಮೀಟರ್ ದೂರದ ಫಿನಿಶ್ ಬೀಮಿಗೆ ನಾವು ವೈರ್‌ಲೆಸ್ ಮಾಡ್ರಿ ಅಂದಿದ್ವಿ, ಎಡವೋದು ತಪ್ಪತದ ಅಂತ. ಅಣ್ಣ ಬ್ಯಾಡ ಅಂದ, ರೇಡಿಯೋದಾಗ ಮೆಸೇಜು ಒಮ್ಮೆ ಲಗೂ ಒಮ್ಮೆ ತಡ ಬರ್ತದ, ಆ ಹೆಚ್ಚು ಕಡಿಮೆನೇ ನಿಮ್ಮ ಜಗಳ ಆಗ್ತದ ಅಂದ. ಲ್ಯಾನ್ ಕೇಬಲ್ ಎಳದು ಎರಡೂ ತುದಿಗೆ ಮ್ಯಾಕ್ಸ್485 ಚಿಪ್ ಹಾಕ್ಯಾನ, ಆ ಆರ್‌ಎಸ್485 ಪದ್ಧತಿ 1200 ಮೀಟರ್ ತನಕ ನಡೀತದಂತ, ನಮ್ದು ಎಲ್ಲಿ ಲೆಕ್ಕ. ಮೊದ್ಲು ಬ್ರಷ್‌ಲೆಸ್ ಮೋಟರ್ ಗಾಡಿ ವೈರಿನ ಬಾಜೂಕ್ಕ ಹಾದು ಹೋದ್ರ ಸುಳ್ಳೇ ಟ್ರಿಗರ್ ಆಗ್ತಿತ್ತು, ಈಗ ಇಲ್ಲ, ಜೋಡಿ ವೈರಿನ್ಯಾಗ ಗದ್ದಲ ಎರಡರ ಮ್ಯಾಲೂ ಸಮ ಬಿದ್ದು ವಜಾ ಆಗ್ತದ. ಪವರಿಗೂ ಬುದ್ಧಿ ಓಡಿಸ್ಯಾನ, 5 ವೋಲ್ಟ್ ಸೀದಾ ಕಳಿಸಿದ್ರ ಆ ಸಣ್ಣ ವೈರಿನ್ಯಾಗ ಹೋಗಿ ಬರೋ 80 ಮೀಟರಿಗೆ ಆರೇಳು ಓಮ್ ರೆಸಿಸ್ಟೆನ್ಸ್ ಬರ್ತದ, ಇನ್‌ಫ್ರಾರೆಡ್ (ಐಆರ್) ಎಲ್‌ಇಡಿ 100 ಮಿಲಿಆಂಪ್ ಎಳದ್ರ ಅರ್ಧ ವೋಲ್ಟಿಗಿಂತ ಜಾಸ್ತಿ ದಾರ್ಯಾಗೇ ಉದುರ್ತದ. ಅದಕ್ಕ 12 ವೋಲ್ಟ್ ಕಳಿಸಿ ಆ ತುದಿಗೆ ಎಲ್‌ಎಂ2596 ಹಾಕಿ ಅಲ್ಲೇ 5ಕ್ಕ ಇಳಿಸ್ಯಾನ. ಒಟ್ಟು ಯುಪಿಎಸ್ಸಿನ 7 ಆಂಪ್-ಅವರ್ ಬ್ಯಾಟರಿ ಒಂದು ಸಾಕು, ಮುಂಜಾನೆ ಪೂರಾ ನಡೀತದ.

ಲೈಟಿನ ಕಂಬದಾಗ ಒಂದು ಲೇನಿಗೆ ಏಳು ಲೈಟ್, ಪ್ರೀಸ್ಟೇಜ್, ಸ್ಟೇಜ್, ಮೂರು ಹಳದಿ, ಹಸಿರು, ಕೆಂಪು. ಲೈಟಿಗೆ ಕರೆಂಟ್ ಹಾಯ್ಸೋ ಯುಎಲ್‌ಎನ್2003 ಐಸಿದಾಗ ಚಾನೆಲ್ಲೂ ಏಳೇ, ಲೇನಿಗೊಂದು ಐಸಿ, ರಿಲೇ ಎಲ್ಲಾ ಔಟ್. ಟಕ್ ಟಕ್ ಸಪ್ಪಳ ಹೋಯ್ತಲ್ಲ ಅಂತ ಒಬ್ಬಿಬ್ರಿಗೆ ಬೇಜಾರಾಗಿದ್ದು ಖರೇ, ಆ ಸಪ್ಪಳಕ್ಕೇ ಟ್ರಿಗರ್ ಒತ್ತೋ ಚಾಳಿ ಬಿದ್ದಿತ್ತು ಅವ್ರಿಗೆ. ಕಿಟ್ಟಿನ ಸಣ್ಣ ಎಲ್‌ಇಡಿ ಬಿಸಿಲಿನ್ಯಾಗ ಸತ್ತಂಗ ಕಾಣ್ತಿದ್ವು, ಅವನ್ನ ತೆಗ್ದು ಅಂಗಡಿ ಬೋರ್ಡಿಗೆ ಹಚ್ಚೋ 12 ವೋಲ್ಟ್ ಎಲ್‌ಇಡಿ ಮಾಡ್ಯೂಲ್ ಹಾಕಿ, ಮ್ಯಾಲ ನಾಲ್ಕಿಂಚಿನ ಪೈಪ್ ಅರ್ಧಕ್ಕ ಸೀಳಿ ಟೋಪಿ ಮಾಡ್ಯಾನ. ಈಗ ಹಳದಿ ಯಾವುದು ಹಸಿರು ಯಾವುದು ಅಂತ ದೂರದಿಂದ್ಲೂ ತಿಳೀತದ.

ಒಂದು ಸ್ವಿಚ್ಚೂ ಕೊಟ್ಟಾನ, ಫುಲ್ ಟ್ರೀ ಪ್ರೋ ಟ್ರೀ ಎರಡೂ ಆಗ್ತದ. ಫುಲ್ ಟ್ರೀದಾಗ ಹಳದಿ ಅರ್ಧ ಅರ್ಧ ಸೆಕೆಂಡಿಗೆ ಒಂದೊಂದಾಗಿ ಇಳಿದು ಹಸಿರು ಬೀಳ್ತದ, ಪ್ರೋ ಟ್ರೀದಾಗ ಮೂರೂ ಹಳದಿ ಒಮ್ಮೆಲೆ, 0.4 ಸೆಕೆಂಡಿಗೆ ಹಸಿರು. ಹೊಸಬ್ರಿಗೆ ಪ್ರೋ ಟ್ರೀ ಕೊಟ್ರ ಕಕ್ಕಾಬಿಕ್ಕಿ ಆಗ್ತಾರ, ನೋಡಲಾಕ ಮಜಾ. ಇಬ್ರೂ ಸ್ಟೇಜ್ ಆದ ಮ್ಯಾಲ ಯಾವಾಗ ಟ್ರೀ ಬೀಳ್ಬೇಕು ಅನ್ನೋದು ಕಿಟ್‌ದಾಗ ಬಟನ್ ಒತ್ತೋನ ಕೈಯಾಗಿತ್ತು, ಯಾರ್ ಒತ್ತಲಾಕತ್ತಾನ ಅಂತ ನೋಡೇ ಟೈಮ್ ಅಂದಾಜ್ ಮಾಡೋರು. ಈಗ ಒಂದರಿಂದ ಎರಡು ಸೆಕೆಂಡ್ ನಡುವ ಅದೇ ಮನಸ್ಸಿಗೆ ಬಂದಾಗ ಬೀಳ್ತದ. ಇದರಾಗೂ ಒಂದು ಕಳ್ಳ ದಾರಿ ಇರ್ತದ, ಆರ್ಡುಯಿನೋಕ್ಕ ರ‍್ಯಾಂಡಮ್ ಅಂತ ಹೇಳಿದ್ರ ಪ್ರತಿ ಸಲ ಆನ್ ಮಾಡಿದಾಗ ಅದೇ ಅಂಕಿ ಸಾಲು ಮೊದಲಿಂದ ಕೊಡ್ತದ, ಮೊದಲನೇ ರೇಸ್ ಯಾವಾಗ್ಲೂ ಅದೇ ತಡ, ಎರಡನೇದು ಯಾವಾಗ್ಲೂ ಅದೇ ತಡ. ಖಾಲಿ ಬಿಟ್ಟ ಅನಲಾಗ್ ಪಿನ್ನಿನ ಗದ್ದಲ ಓದಿ ಅದಕ್ಕ ಬೀಜ ಹಾಕಿದ್ರ ಸರಿ ಆಗ್ತದ. ಅಣ್ಣ ಕೇಳದೇ ಹಾಕಿದ್ದ.

ಲೆಕ್ಕ ತೋರಿಸೋದ್ರಾಗ ಕಿಟ್ ಮಾಡ್ತಿದ್ದ ದೊಡ್ಡ ಅನ್ಯಾಯ ಇದು, ಹಸಿರು ಬಿದ್ದಾಗಿಂದ ಫಿನಿಶ್ ತನಕ ಎಣಿಸಿ ಅದನ್ನೇ ಇಟಿ (ಎಲಾಪ್ಸ್ಡ್ ಟೈಮ್) ಅಂತಿತ್ತು. ಇಟಿ ಅಂದ್ರ ನಿಮ್ಮ ಗಾಡಿ ಸ್ಟೇಜ್ ಬೀಮ್ ಬಿಟ್ಟಾಗಿಂದ, ಹಸಿರಿಂದ ಅಲ್ಲ. ಹಸಿರಿಂದ ಬೀಮ್ ಬಿಡೋ ತನಕದ್ದು ರಿಯಾಕ್ಷನ್ ಟೈಮು, ಅದು ಗಾಡಿದಲ್ಲ, ನಿಮ್ಮ ಬೆರಳಿಂದು. ಎಡದವ 0.210ಕ್ಕ ಬಿಟ್ಟು 2.310 ಓಡಿಸಿದ ಅನ್ನಿ, ಕೂಡಿಸಿದ್ರ 2.520. ಬಲದವ 0.350ಕ್ಕ ಬಿಟ್ಟು 2.240 ಓಡಿಸಿದ, ಕೂಡಿಸಿದ್ರ 2.590. ಬಲದವನ ಗಾಡಿನೇ ಫಾಸ್ಟ್, ಗೆದ್ದವ ಎಡದವ. ಇದನ್ನ ಬ್ಯಾರೆ ಬ್ಯಾರೆ ತೋರಿಸಿದ ಮ್ಯಾಲೇ ನಮ್ಮಲ್ಲಿ ದೊಡ್ಡ ಮೋಟರ್ ಹಾಕೋ ಹುಚ್ಚು ಕಡಿಮಿ ಆಯ್ತು. ತೋರಿಸಲಾಕ ಪಿ10 ಪ್ಯಾನೆಲ್ ಹಾಕ್ಯಾನ, ಬಟ್ಟಿ ಅಂಗಡಿ ಮುಂದ ಆಫರ್ ಆಫರ್ ಅಂತ ಓಡ್ತಿರ್ತದಲ್ಲ ಅದೇ ಕೆಂಪು ಬೋರ್ಡು, ಬಿಸಿಲಿನ್ಯಾಗೂ ಓದಬಹುದು. ಅದನ್ನ ನಡೆಸಲಾಕ ಬ್ಯಾರೆ ಒಂದು ಸಣ್ಣ ಆರ್ಡುಯಿನೋ ನ್ಯಾನೋ ಇಟ್ಟಾನ, ಪ್ಯಾನೆಲ್ಲಿಗೆ ಪದೇ ಪದೇ ರಿಫ್ರೆಶ್ ಬೇಕು, ಆ ಕೆಲಸ ಟೈಮಿಂಗ್ ಚಿಪ್ಪಿನ ಮ್ಯಾಲ ಹಾಕಿದ್ರ ಅದು ಬೀಮ್ ನೋಡೋದ್ರಾಗ ತಡ ಮಾಡ್ತದ ಅಂತ.

ಟೆಸ್ಟ್ ಮಾಡಿ ತೋರಿಸಿದ್ದು ಹೆಂಗಂದ್ರ, ಎರಡೂ ಫಿನಿಶ್ ಬೀಮಿನ ಐಆರ್ ಎಲ್‌ಇಡಿನ ಒಂದೇ ಟ್ರಾನ್ಸಿಸ್ಟರಿಂದ ಒಂದೇ ಕ್ಷಣಕ್ಕ ಬಂದ್ ಮಾಡಿದ, ಎರಡೂ ಲೇನ್ ಒಂದೇ ಟೈಮ್ ಹೇಳ್ಬೇಕು. ಮೂರನೇ ಅಂಕಿ ತನಕ ಒಂದೇ ಬಂತು. ಆಮ್ಯಾಲ ನಮ್ಮ ಗ್ಯಾಂಗಿನ ಇಂಜಿನಿಯರಿಂಗ್ ಹುಡುಗ ಒಬ್ಬ ಎರಡು ಬೀಮ್ ಒಂದರ ಕೆಳಗೊಂದು ಒಂದು ಮೀಟರ್ ಬಿಟ್ಟು ಕಟ್ಟಿ, ಮ್ಯಾಲಿನ ಬೀಮಿಗೆ ತಾಗೋ ಹಂಗ ಹಿಡ್ದು ಸ್ಟೀಲ್ ಗುಂಡು ಕೈಬಿಟ್ಟ, ಪುಸ್ತಕದ ಲೆಕ್ಕ 0.45 ಸೆಕೆಂಡ್, ಬೋರ್ಡೂ ಅದರ ಆಸುಪಾಸೇ ತೋರಿಸ್ತು. ಅಂಗಡಿ ಮುಂದ ಮಂದಿ ನಿಂತು ನೋಡಲಾಕತ್ತಿದ್ರು.

ಈಗ ಜನ ಒಪ್ಪದ ಒಂದು ಮಾತು ಹೇಳ್ತೀನಿ, ಇಷ್ಟೆಲ್ಲಾ ಮಾಡಿದ ಮ್ಯಾಲೂ ಮೂರನೇ ಅಂಕಿ ನಂಬಬ್ಯಾಡ್ರಿ. ರಿಸೀವರು ಬೀಮ್ ಹೋಯ್ತಂತ ಹೇಳಲಾಕ ಏಳರಿಂದ ಹದಿನೈದು ಸೈಕಲ್ ತೊಗೊಂತದ, 38 ಕಿಲೋಹರ್ಟ್ಝ್‌ದಾಗ ಅದು 0.2ರಿಂದ 0.4 ಮಿಲಿಸೆಕೆಂಡ್, ಸಣ್ಣದು ಅನ್ನಿ, ಬಿಡೋಣು. ಅದಕ್ಕಿಂತ ದೊಡ್ಡದು ಸ್ಟೇಜಿಂಗ್. ಗಾಡಿ ನಿಂತಲ್ಲಿಂದ ಎದ್ದು ಹೋಗೋವಾಗ ಮೊದಲ ಐದು ಮಿಲಿಮೀಟರ್ ದಾಟಲಾಕೇ, ಒಂದು ಜಿ, ಅಂದ್ರ ಕೈಬಿಟ್ಟ ಗುಂಡು ಬೀಳೋವಷ್ಟು, ಆಕ್ಸಲರೇಶನ್ ಹಿಡದ್ರೂ, 30 ಮಿಲಿಸೆಕೆಂಡ್ ಮ್ಯಾಲ ಬೇಕು. ಅಂದ್ರ ಟಯರು ಬೀಮಿನ್ಯಾಗ ಐದು ಮಿಲಿಮೀಟರ್ ಹಿಂದ ಮುಂದ ಇಟ್ರ ರಿಯಾಕ್ಷನ್ ಟೈಮ್ ಅಷ್ಟು ಬದಲಾಗ್ತದ, ಇನ್ನ 0.213 ಮತ್ತ 0.216 ಅಂತ ಹಲ್ಲು ಕಡಿಯೋದು ಯಾಕ? ಅದಕ್ಕೇ ಆ ಎರಡು ಮಿಲಿಮೀಟರ್ ಸೀಳು ಅಷ್ಟು ಮುಖ್ಯ, ಮತ್ತ ಬೀಮ್ ಮುಂದಿನ ಟಯರಿಗೆ ತಾಗೋ ಎತ್ತರದಾಗ ಇರ್ಬೇಕು, ಬಾಡಿಗೆ ತಾಗಿದ್ರ ಪೂರಾ ಬಾಡಿ ದಾಟೋ ತನಕ ಗಾಡಿ ಬಿಟ್ಟೇ ಇಲ್ಲ ಅಂತ ತಿಳೀತದ ಬೋರ್ಡು. ಆದ್ರ ಗೆದ್ದವ ಯಾರಂತ ಹೇಳಲಾಕ ಇದ್ಯಾವುದೂ ಬ್ಯಾಡ, ಹಸಿರು ಇಬ್ರಿಗೂ ಒಂದೇ, ಕೆಂಪು ಬಿದ್ದಿಲ್ಲಂದ್ರ ಫಿನಿಶ್ ಬೀಮ್ ಮೊದ್ಲು ಕಡದವ ಗೆದ್ದ, ಅಷ್ಟೇ. ಹಂಗಾಗಿ ರೊಕ್ಕ ಕಡಿಮಿ ಇದ್ದವ್ರು ಮೊದ್ಲು ಫಿನಿಶ್ ಸೆನ್ಸರ್ ಎರಡು ಬದಲು ಮಾಡಿಸ್ರಿ, ಕಂಬದ ಲೈಟು ಆಮ್ಯಾಲ. ನಮ್ಮಲ್ಲಿ ಈಗ 3 ಮಿಲಿಸೆಕೆಂಡ್ ಒಳಗ ಫರಕ್ ಬಂದ್ರ ಮತ್ತೊಮ್ಮೆ ಓಡಿಸೋದು ಅಂತ ಮಾಡ್ಕೊಂಡೀವಿ.

ಅಂಗಡಿಗೆ ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರ ಹೇಳಿದ ದಿನಕ್ಕ ಕೊಡೋ ರೂಢಿನೇ ಇಲ್ಲ. ನಾಳೆ ಅಂದ್ರ ವಾರ, ವಾರ ಅಂದ್ರ ಶರಣಬಸವೇಶ್ವರ ಜಾತ್ರಿ ಆದ ಮ್ಯಾಲ. ಫೋನ್ ಎತ್ತಲ್ಲ. ಸರ್ಕಿಟ್ ಡಯಾಗ್ರಾಮ್ ಕೇಳಿದ್ರ ತಲಿ ಮುಟ್ಟಿ ತೋರಿಸ್ತಾನ, ಇಲ್ಲದ ಅಂತ. ಬೆನ್ನ ಹತ್ತಿ ಒಂದು ಹಾಳ್ಯಾಗ ಬರ್ಸಿಕೊಂಡೀವಿ, ಪ್ರೋಗ್ರಾಮ್ ಪೆನ್‌ಡ್ರೈವ್‌ದಾಗ ಹಾಕ್ಸಿಕೊಂಡೀವಿ, ನೀವೂ ಕೆಲಸ ಕೊಡೋವಾಗ್ಲೇ ಮಾತಾಡ್ಕೋರಿ. ಇನ್ನ ಮೊದಲ ಸಲ ಸೆನ್ಸರ್ ಎಲ್ಲಾ ಗ್ಲೂ ಗನ್ನಿಂದ ಅಂಟಿಸಿದ್ದ, ಕಲಬುರಗಿ ಮೇ ಬಿಸಿಲಿನ್ಯಾಗ ಮುಚ್ಚಿದ ಕರಿ ಡಬ್ಬಿ ಒಳಗ ಆ ಅಂಟು ಮೆತ್ತಗಾಗಿ ಸೆನ್ಸರ್ ತಲಿ ಬಗ್ಗಿಸಿ ಕುಂತಿದ್ವು. ಇಲ್ಲೇ ಹುಟ್ಟಿ ಬೆಳದ ಮನಷ್ಯಾಗ ಇದು ತಿಳೀಬಾರದಾ? ಹೇಳಿದ ಮ್ಯಾಲ ರೊಕ್ಕ ತೊಗೊಳ್ದೇ ತಗಡಿನ ಪಟ್ಟಿ ಬಡ್ದು ಸ್ಕ್ರೂ ಹಾಕಿಕೊಟ್ಟ, ಅದೂ ಬರ್ದು ಬಿಡ್ತೀನಿ.

ರೊಕ್ಕದ ಮಾತು. ಕಿಟ್ಟಿಗೆ ಕೊಟ್ಟದ್ದರ ಸುಮಾರು ಅರ್ಧದಷ್ಟು ಇದಕ್ಕಾಯ್ತು, ಬೋರ್ಡು ಸೆನ್ಸರು ಪಿ10 ಲ್ಯಾನ್ ಕೇಬಲ್ ಎಲ್ಲಾ ಹಿಡದು, ಬ್ಯಾಟರಿ ನಮ್ದೇ ಇತ್ತು. ಮಜೂರಿ ಅಂತ ತೊಗೊಂಡಿದ್ದು ಭಾಳ ಕಡಿಮಿ, ಯಾಕಂತ ಕೇಳಿದ್ರ ಮಿಕ್ಸರ್ ನೋಡಿ ನೋಡಿ ಬ್ಯಾಸರ ಆಗಿತ್ತು ಅಂದ. ಬಿಲ್ ಕೇಳಬ್ಯಾಡ್ರಿ, ಚೀಟಿ ಮ್ಯಾಲ ಒಟ್ಟು ಬರ್ದು ಕೊಡ್ತಾನ. ಹೋಗೋದಿದ್ರ ಮಧ್ಯಾಹ್ನ ಊಟದ ಹೊತ್ತು ಬಿಟ್ಟು ಹೋಗ್ರಿ, ಮತ್ತ ನಿಮ್ಮ ಬ್ಯಾಟರಿ, ನಿಮ್ಮ ಉದ್ದದ ವೈರು, ಒಂದು ಗಾಡಿ ಮೂರೂ ಒಯ್ರಿ, ಇಲ್ಲಂದ್ರ ಟೇಬಲ್ ಮ್ಯಾಲ ಅಡಾಪ್ಟರ್ ಹಚ್ಚಿ ಕೈ ಅಡ್ಡ ಹಿಡದು ಆಯ್ತು ನೋಡ್ರಿ ಅಂತ ಕೊಟ್ಟು ಕಳಿಸ್ತಾನ, ಟಯರಿನ ಎತ್ತರಕ್ಕ ಬೀಮ್ ಬಂದದನೋ ಇಲ್ಲೋ ಅಂತ ಲೇಔಟಿಗೆ ಹೋದ ಮ್ಯಾಲೇ ಗೊತ್ತಾಗ್ತದ.